ಟೂರ್ನಿಕೆಟ್ ಎರಡನೇ ಸಲ ಕೊಂಡೆ, ಜೊತೆಗೆ ಸ್ಟಾಪ್ ದ ಬ್ಲೀಡ್ ಅನ್ನೋ ರಕ್ತ ನಿಲ್ಸೋ ಕ್ಲಾಸಿನ ಬಗ್ಗೆನೂ

ಇದು ನಾನು ಕೊಂಡಿರೋ ಎರಡನೇ ಅಸಲಿ ಟೂರ್ನಿಕೆಟ್, ಅಂದ್ರೆ ಕೈಕಾಲಿಗೆ ಗಾಯ ಆದಾಗ ಮೇಲ್ಗಡೆ ಸುತ್ತಿ, ಕಡ್ಡಿ ತಿರುಗಿಸಿ ಬಿಗಿ ಮಾಡಿ ರಕ್ತ ನಿಲ್ಸೋ ಪಟ್ಟಿ. ಮೊದಲನೇದು ಹಾಳಾಗಿಲ್ಲ, ಕಳ್ದೂ ಹೋಗಿಲ್ಲ. 2022ರ ಬೇಸಿಗೆಲಿ ನಮ್ಮ ಬೀದಿ ಮೂಲೆಲಿ ಗುಂಡೇಟು ಬಿದ್ದ ಒಬ್ಬ ಹುಡುಗನ ತೊಡೆಗೆ ಸುತ್ತಿದ್ದು, ಅವನ ಜೊತೆನೇ ಪೊಲೀಸ್ ಕಾರಲ್ಲಿ ಹೋಯ್ತು, ವಾಪಸ್ ಬರ್ಲಿಲ್ಲ. ಬರೋದೂ ಬೇಡ. ಮಾರನೇ ವಾರ ಇನ್ನೊಂದು ಆರ್ಡರ್ ಮಾಡ್ದೆ. ಅದ್ರ ರಿವ್ಯೂ ಬರೀಬೇಕು ಅಂತ ಮೂರು ವರ್ಷದಿಂದ ಅಂದ್ಕೊಂಡು ಅಂದ್ಕೊಂಡು ಈಗ ಕೂತಿದೀನಿ, ಯಾಕಂದ್ರೆ ಹೋದ ತಿಂಗಳು ಫಿಲಡೆಲ್ಫಿಯಾಗೆ ಹೊಸದಾಗಿ ಬಂದ ಒಬ್ಬ ಕನ್ನಡದ ಹುಡುಗಿ ಫೋನ್ ಮಾಡಿ, ಅಕ್ಕ ನಿಮ್ಮ ಏರಿಯಾಲಿ ಮನೆ ನೋಡಿದೀನಿ ಸೇಫಾ ಅಂತ ಕೇಳಿದ್ಳು, ನನಗೆ ಹೌದು ಅನ್ನಕ್ಕೂ ಆಗ್ಲಿಲ್ಲ ಇಲ್ಲ ಅನ್ನಕ್ಕೂ ಆಗ್ಲಿಲ್ಲ.

ನಾವಿರೋದು ವೆಸ್ಟ್ ಫಿಲಡೆಲ್ಫಿಯಾ, ಬಾಲ್ಟಿಮೋರ್ ಅವೆನ್ಯೂಗೆ ಹತ್ರ. ಹತ್ತು ವರ್ಷ ಆಗ್ತಾ ಬಂತು. ಒಳ್ಳೇ ಜಾಗ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಶನಿವಾರ ಕ್ಲಾರ್ಕ್ ಪಾರ್ಕಲ್ಲಿ ರೈತರ ಸಂತೆ, ಟ್ರಾಲಿ ಅಂದ್ರೆ ಟ್ರಾಮ್ ಮನೆ ಪಕ್ಕದಲ್ಲೇ ಹೋಗುತ್ತೆ, ಇಥಿಯೋಪಿಯನ್ ಊಟ, ಬಾಂಗ್ಲಾದವ್ರ ಅಂಗಡಿಲಿ ಹಸಿಮೆಣಸಿನಕಾಯಿ ಕರಿಬೇವು ಎಲ್ಲಾ ಸಿಗುತ್ತೆ, ಅಕ್ಕಪಕ್ಕದವ್ರು ಸಂಜೆ ಪೋರ್ಚಲ್ಲಿ ಕೂತು ಹೋಗೋರನ್ನೆಲ್ಲ ಮಾತಾಡಿಸ್ತಾರೆ. ನಾನು ಈ ಬೀದಿ ಬಿಟ್ಟು ಹೋಗಕ್ಕೆ ತಯಾರಿಲ್ಲ. ಆದ್ರೆ 2020ರಿಂದ ಏನಾಯ್ತು ಅನ್ನೋದನ್ನ ಸುಳ್ಳು ಹೇಳಕ್ಕೂ ತಯಾರಿಲ್ಲ. ಆ ವರ್ಷ ಊರಲ್ಲಿ 499 ಕೊಲೆ. 2021ರಲ್ಲಿ 562, ಈ ನಗರದ ದಾಖಲೆಲೇ ಅಷ್ಟು ಯಾವತ್ತೂ ಆಗಿರ್ಲಿಲ್ಲ. ಗುಂಡು ತಗುಲಿದವ್ರು, ಬದುಕಿದವ್ರು ಸತ್ತವ್ರು ಎಲ್ಲಾ ಸೇರಿ, ಆ ಒಂದೇ ವರ್ಷ 2300ಕ್ಕೂ ಹೆಚ್ಚು.

ಶಬ್ದದ ವಿಷ್ಯ ಹೇಳ್ಬೇಕು. ನಮ್ಮೂರು ಸೋಮವಾರಪೇಟೆ ಕಡೆ. ನಾವು ಕೊಡವರಲ್ಲ, ಆದ್ರೆ ಪಕ್ಕದ ತೋಟದವ್ರು ಕೊಡವರು, ನಾನು ಬೆಳೆದಿದ್ದೇ ಅವ್ರ ಮನೆ ಅಂಗಳದಲ್ಲಿ. ಕೋವಿ ನಮಗೆ ಹೊಸದಲ್ಲ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯ್ತಿ ಇದೆ, ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರ್ಸಿದೆ ಕೂಡ. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಅನ್ನೋ ಆಯುಧದ ಹಬ್ಬ ಬಂದ್ರೆ ಅವ್ರು ಕೋವಿ ಒರೆಸಿ, ನಳಿಗೆಗೆ ತೋಕ್‌ಪೂ ಅನ್ನೋ ಹೂ ಸಿಕ್ಕಿಸಿ, ಪೂಜೆ ಮಾಡಿ, ಆಮೇಲೆ ನಮಗೂ ಕಡಂಬುಟ್ಟು, ಅಕ್ಕಿ ಕಡುಬು, ಕೊಡೋರು. ಗಂಡು ಮಗು ಹುಟ್ಟಿದ್ರೆ ಗಾಳಿಲಿ ಒಂದು ಗುಂಡು, ಯಾರಾದ್ರೂ ಹೋದ್ರೆ ಎರಡು. ತೋಟಕ್ಕೆ ಆನೆ ಬಂದ್ರೆ ಬೇರೆ ಥರ, ಗುಂಡಿನ ಜೊತೆ ಪಟಾಕಿ, ಕೂಗಾಟ, ತಗಡು ಬಡಿಯೋದು. ರಾತ್ರಿ ಎಲ್ಲೋ ದೂರ ಶಬ್ದ ಆದ್ರೆ ನಮ್ಮಜ್ಜಿ ಹಾಸಿಗೆಲೇ ಎದ್ದು ಕೂತು ಎಣಿಸೋರು. ಎರಡಾದ್ರೆ ಬೆಳಗ್ಗೆ ಯಾರ ಮನೆಗೆ ಹೋಗ್ಬೇಕು ಅಂತ ಆಗ್ಲೇ ಲೆಕ್ಕ ಹಾಕೋರು.

ಆ ಎಣಿಸೋ ಅಭ್ಯಾಸ ನನಗೂ ಬಂದಿದೆ, ಇಲ್ಲೂ ಎಣಿಸ್ತೀನಿ. ಇಲ್ಲಿ ಒಂದು ಎರಡಕ್ಕೆ ನಿಲ್ಲಲ್ಲ. ಹನ್ನೊಂದು, ಹದಿನಾಲ್ಕು, ಕೆಲವು ಸಲ ಎಣಿಸಕ್ಕೇ ಆಗಲ್ಲ, ಬಟ್ಟೆ ಹರಿದ ಹಾಗೆ ಒಂದೇ ಉಸಿರಲ್ಲಿ ಬರುತ್ತೆ. ಪಿಸ್ತೂಲಿನ ಹಿಂದೆ ಸಿಕ್ಕಿಸೋ ಸ್ವಿಚ್ ಅಂತ ಒಂದು ಸಣ್ಣ ತುಂಡು ಇದೆ, ಉಗುರಿನಷ್ಟು, ಅದು ಹಾಕಿದ್ರೆ ಪಿಸ್ತೂಲು ಮಷಿನ್ ಗನ್ ಆಗುತ್ತೆ, ಕಾನೂನುಬಾಹಿರ, ಆದ್ರೂ ಬೀದಿಲಿದೆ. ಈ ಶಬ್ದ ಮೊದಲ ಸಲ ಕೇಳಿದಾಗ ನನ್ನ ಮಗಳಿಗೆ ಏಳು ವರ್ಷ, ಪಟಾಕಿ ಅಲ್ವಾ ಅಮ್ಮ ಅಂದ್ಳು, ನಾನು ಹೌದು ಅಂದೆ. ಎರಡನೇ ಸಲ ಅವಳು ಕೇಳ್ಲಿಲ್ಲ, ತಾನೇ ಕಿಟಕಿ ಬಿಟ್ಟು ಬಂದು ಬಾತ್‌ರೂಮಿನ ನೆಲದ ಮೇಲೆ ಕೂತ್ಕೊಂಡ್ಳು. ಸ್ಕೂಲಲ್ಲಿ ಹೇಳಿಕೊಟ್ಟಿದ್ರು. ನಾನು ಎಣಿಸೋದು ಮುಗಿಸಿ ಫೋನ್ ಹಿಡ್ಕೊಂಡು ಸುಮ್ನೆ ನಿಂತಿರ್ತಿದ್ದೆ. ಮಾಡಕ್ಕೆ ಏನೂ ಗೊತ್ತಿರ್ಲಿಲ್ಲ, ಎಣಿಸೋದೊಂದೇ.

ಅದಕ್ಕೇ ಕ್ಲಾಸಿಗೆ ಹೋಗಿದ್ದು. 2021ರ ಚಳಿಗಾಲ ಶುರುವಾಗೋ ಹೊತ್ತು, ನಮ್ಮ ಪಕ್ಕದ್ಮನೆಯವ್ರು, ಎಪ್ಪತ್ತರ ಹತ್ರದ ಹೆಂಗಸು, ಇದೇ ಬೀದಿಲಿ ಹುಟ್ಟಿ ಬೆಳೆದವ್ರು, ಬಾಗಿಲಿಗೆ ಬಂದು ಶನಿವಾರ ಏನೂ ಇಟ್ಕೋಬೇಡ ನನ್ನ ಜೊತೆ ಬಾ ಅಂದ್ರು, ಅಷ್ಟೇ.

ಸ್ಟಾಪ್ ದ ಬ್ಲೀಡ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ. 2012ರ ಡಿಸೆಂಬರಲ್ಲಿ ಕನೆಕ್ಟಿಕಟ್ಟಿನ ಸ್ಯಾಂಡಿ ಹುಕ್ ಶಾಲೆಲಿ 20 ಮಕ್ಕಳು, 6 ಜನ ದೊಡ್ಡವ್ರು ಸತ್ತ ಮೇಲೆ ಸರ್ಜನ್‌ಗಳು ಹಾರ್ಟ್‌ಫರ್ಡಲ್ಲಿ ಸೇರಿ ಯೋಚನೆ ಮಾಡಿದ್ರು, ಆಂಬುಲೆನ್ಸ್ ಬರೋ ಮೊದಲೇ ರಕ್ತ ಹೋಗಿ ಸಾಯೋರನ್ನ ಉಳಿಸಬೇಕಾದ್ರೆ ಅಲ್ಲಿ ನಿಂತಿರೋ ಸಾಮಾನ್ಯ ಜನಕ್ಕೇ ಕಲಿಸ್ಬೇಕು ಅಂತ. ಇರಾಕ್ ಅಫ್ಘಾನಿಸ್ತಾನದ ಯುದ್ಧದಲ್ಲಿ ಟೂರ್ನಿಕೆಟಿಂದ ಎಷ್ಟು ಸೈನಿಕರು ಉಳಿದ್ರು ಅನ್ನೋ ಅನುಭವ ಇತ್ತು. 2015ರ ಅಕ್ಟೋಬರಲ್ಲಿ ವೈಟ್ ಹೌಸಿಂದ ಇದು ಶುರುವಾಯ್ತು, ಈಗ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ನಡೆಸುತ್ತೆ. ಯುದ್ಧಭೂಮಿದು ಮನೆ ಮೂಲೆಗೆ ಬಂತು ಅಂತ ಯೋಚಿಸಿದ್ರೆ ಎದೆ ಭಾರ ಆಗುತ್ತೆ, ಆದ್ರೆ ಬಂದಿದ್ದು ಒಳ್ಳೇದೇ ಆಯ್ತು.

ಕ್ಲಾಸು ಒಂದು ಹಳೇ ಚರ್ಚಿನ ನೆಲಮಾಳಿಗೆಲಿ, ಫ್ರೀ, ಒಂದೂವರೆ ಗಂಟೆ. ಹೇಳಿಕೊಟ್ಟಿದ್ದು ಟ್ರಾಮಾ ವಾರ್ಡಿನ, ಅಂದ್ರೆ ದೊಡ್ಡ ಗಾಯ ಆದವ್ರನ್ನ ನೋಡೋ ವಾರ್ಡಿನ ಒಬ್ಬ ನರ್ಸ್. ಅರ್ಧ ಗಂಟೆ ಸ್ಲೈಡು, ಮಿಕ್ಕಿದ್ದು ಕೈಕೆಲಸ. ಸ್ಲೈಡ್ ಪರವಾಗಿಲ್ಲ, ಅದನ್ನ ನೀವು ಮನೇಲೇ ನೋಡ್ಬಹುದು. ಕೈಕೆಲಸಕ್ಕೆ ಹೋಗ್ಲೇಬೇಕು, ಯಾಕಂದ್ರೆ ಎಷ್ಟು ಜೋರಾಗಿ ಒತ್ತಬೇಕು ಅನ್ನೋದು ಓದಿದ್ರೆ ತಿಳಿಯಲ್ಲ. ನಾನು ಮೊದಲು ಆ ಸ್ಪಂಜಿನ ತುಂಡಿನ ಮೇಲೆ ಕೈಯಿಟ್ಟಾಗ ನರ್ಸ್ ಬಂದು ನನ್ನ ಭುಜ ಹಿಡಿದು ಮುಂದಕ್ಕೆ ಬಗ್ಗಿಸಿ, ಕೈಯಿಂದಲ್ಲ ಮೈಯಿಂದ ಒತ್ತು ಅಂದ್ರು. ಆಗ ಅರ್ಥ ಆಯ್ತು. ಊರಲ್ಲಿ ನೂಪುಟ್ಟು, ಅಂದ್ರೆ ಅಕ್ಕಿ ಶಾವಿಗೆ, ಒರಳಿಗೆ ಹಾಕಿ ಒತ್ತುವಾಗ ಮೊಣಕೈ ನೆಟ್ಟಗೆ ಮಾಡಿ ಇಡೀ ಮೈಭಾರ ಬಿಡ್ತೀವಲ್ಲ, ಅದೇ. ಆ ಒಂದು ವಿಷ್ಯಕ್ಕೆ ಆ ಶನಿವಾರ ಸಾರ್ಥಕ.

ಕಲಿಸೋ ಕ್ರಮ ಮೂರು ಹೆಜ್ಜೆ. ಮೊದಲು ಇಲ್ಲಿನ ತುರ್ತು ನಂಬರ್ 911ಗೆ ಫೋನ್, ಆಮೇಲೆ ರಕ್ತ ಎಲ್ಲಿಂದ ಬರ್ತಿದೆ ಅಂತ ಬಟ್ಟೆ ಸರಿಸಿ ಹುಡುಕೋದು, ಆಮೇಲೆ ಒತ್ತೋದು. ಕೈ ಕಾಲಾದ್ರೆ ಟೂರ್ನಿಕೆಟ್, ಗಾಯದಿಂದ ಎರಡು ಮೂರು ಇಂಚು ಮೇಲೆ, ಮೊಣಕಾಲು ಮೊಣಕೈ ಕೀಲಿನ ಮೇಲೆ ಮಾತ್ರ ಬೇಡ. ಪಟ್ಟಿ ಎಳೆದು ಬಿಗಿ ಮಾಡಿ, ಆ ಕಡ್ಡಿ ಇದ್ಯಲ್ಲ ಅದನ್ನ ರಕ್ತ ನಿಲ್ಲೋವರೆಗೂ ತಿರುಗಿಸ್ಬೇಕು, ಸಿಕ್ಕಿಸ್ಬೇಕು, ಟೈಮ್ ಬರೀಬೇಕು, ಆಮೇಲೆ ಏನೇ ಆದ್ರೂ ಆಸ್ಪತ್ರೆಯವ್ರು ಬಿಚ್ಚೋವರೆಗೆ ಬಿಚ್ಚಂಗಿಲ್ಲ. ನೋವಾಗುತ್ತೆ, ಗಾಯ ಆದವ್ರು ಕಿರುಚ್ತಾರೆ, ಬಿಚ್ಚು ಅಂತ ಕೈ ಮುಗೀತಾರೆ, ಆದ್ರೂ ಬಿಚ್ಚಂಗಿಲ್ಲ. ಇದನ್ನ ನರ್ಸ್ ಮೂರು ಸಲ ಹೇಳಿದ್ರು. ಕಾಲು ಕತ್ತರಿಸ್ಬೇಕಾಗುತ್ತೆ ಅನ್ನೋ ಹೆದ್ರಿಕೆ ಹಳೇದು, ಎರಡು ಗಂಟೆವರೆಗೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, ನಮ್ಮ ಏರಿಯಾಲಿ ಆಸ್ಪತ್ರೆ ಅಷ್ಟು ದೂರನೂ ಇಲ್ಲ. ಕುತ್ತಿಗೆ, ಭುಜ, ತೊಡೆಸಂದಿ ಇಂಥ ಕಡೆ ಟೂರ್ನಿಕೆಟ್ ಕಟ್ಟಕ್ಕಾಗಲ್ಲ, ಅಲ್ಲಿ ಗಾಜ್ ಬಟ್ಟೆನ ಬೆರಳಲ್ಲಿ ಗಾಯದೊಳಗೇ ತುರುಕಿ ತುಂಬಿಸಿ ಮೇಲಿಂದ ಒತ್ತಿ ಹಿಡೀಬೇಕು, ಮಧ್ಯೆ ಎತ್ತಿ ನೋಡ್ಬಾರ್ದು. ಎದೆ ಹೊಟ್ಟೆಗೆ ತಗುಲಿದ್ರೆ ನಾವು ಮಾಡೋದು ಕಮ್ಮಿ, ಬೇಗ ಆಪರೇಷನ್ ಟೇಬಲ್ ಮುಟ್ಟಿಸೋದೇ. ಇದನ್ನ ಅವ್ರು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸ್ತು.

ಒಂದು ಕೊರತೆ ಹೇಳ್ತೀನಿ, ದೊಡ್ಡದು. ಇಡೀ ಒಂದೂವರೆ ಗಂಟೆ ಮೈ ಬಗ್ಗೆ, ಮನಸ್ಸಿನ ಬಗ್ಗೆ ಒಂದು ಮಾತಿಲ್ಲ. ನನ್ನ ಪಕ್ಕ ಕೂತಿದ್ದ ಹೆಂಗಸು ಟೂರ್ನಿಕೆಟ್ ಕೈಗೆ ತಗೊಂಡವ್ರು ಹಾಗೇ ಹಿಡ್ಕೊಂಡು ಅಳಕ್ಕೆ ಶುರು ಮಾಡಿದ್ರು, ಅವ್ರ ಮಗ ಹೋಗಿ ಆರು ತಿಂಗಳಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ನರ್ಸ್ ಪಾಠ ನಿಲ್ಸಿ ಅವ್ರ ಜೊತೆ ಹೊರಗೆ ಹೋಗಿ ಕೂತ್ರು, ಆ ನರ್ಸ್ ಒಳ್ಳೇವ್ರು, ಅದಕ್ಕೆ ನಮಗೆ ಬೇಜಾರಿಲ್ಲ. ಆದ್ರೆ ಇಂಥ ಬಡಾವಣೇಲಿ ಈ ಕ್ಲಾಸಿಗೆ ಬರೋರಲ್ಲಿ ಅರ್ಧ ಜನ ಈಗಾಗ್ಲೇ ಯಾರನ್ನೋ ಕಳ್ಕೊಂಡಿರ್ತಾರೆ, ಅದಕ್ಕೆ ಇನ್ನೊಬ್ರು ಜೊತೇಲಿ ಇರ್ಬೇಕಿತ್ತು. ಇನ್ನೊಂದು, ಪಾಠ ಇಂಗ್ಲಿಷಲ್ಲಿ ಮಾತ್ರ. ಹಿಂದಿನ ಸಾಲಲ್ಲಿದ್ದ ಬಾಂಗ್ಲಾದ ಯಜಮಾನ್ರಿಗೆ ನಾನು ಅರ್ಧಂಬರ್ಧ ಹಿಂದಿಲಿ ಹೇಳ್ದೆ, ಅವ್ರು ಅರ್ಧಂಬರ್ಧ ಅರ್ಥ ಮಾಡ್ಕೊಂಡ್ರು.

ಈಗ ವಸ್ತುವಿನ ವಿಷ್ಯ. ಕ್ಲಾಸ್ ಮುಗಿದ ದಿನ ರಾತ್ರಿನೇ ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ ಎರಡು ತರಿಸ್ದೆ, ಎರಡಕ್ಕೂ ಸೇರಿ ಹದಿನೈದು ಡಾಲರ್. ನೋಡಕ್ಕೆ ಡಿಟ್ಟೋ. ಅದೇ ಕಪ್ಪು ಪಟ್ಟಿ, ಅದೇ ಕಡ್ಡಿ, ಟೈಮ್ ಬರೆಯೋ ಬಿಳಿ ಪಟ್ಟಿ. ಮನೇಲಿ ಅಭ್ಯಾಸ ಮಾಡಣ ಅಂತ ನಮ್ಮನೆಯವ್ರ ತೊಡೆಗೆ ಹಾಕಿ ತಿರುಗಿಸ್ದೆ, ಮೂರನೇ ಸುತ್ತಿಗೆ ಕಡ್ಡಿ ಬಿಲ್ಲಿನ ಹಾಗೆ ಬಗ್ಗಿತು, ಇನ್ನೊಂದು ಸುತ್ತಿಗೆ ಪಟಕ್ ಅಂತ ಮುರೀತು. ಇಬ್ರೂ ಮುಖ ಮುಖ ನೋಡ್ಕೊಂಡ್ವಿ. ಅದು ಬೀದಿಲಿ ಮುರಿದಿದ್ರೆ? ಇನ್ನೊಂದನ್ನ ಕತ್ತರಿಲಿ ಕತ್ತರಿಸಿ ಕಸಕ್ಕೆ ಹಾಕ್ದೆ, ಬೇರೆ ಯಾರೂ ಎತ್ಕೊಂಡು ಇಟ್ಕೋಬಾರ್ದು ಅಂತ. ಮಾರಿದವ್ರಿಗೆ ಬರೆದ್ರೆ ದುಡ್ಡು ವಾಪಸ್ ಬಂತು, ಆದ್ರೆ ಮಾಲು ಅಲ್ಲೇ ಮಾರಾಟಕ್ಕಿತ್ತು, ವಾರ ಆದ್ಮೇಲೂ ಇತ್ತು. ಇಂಥದ್ದನ್ನ ಮಾರೋರಿಗೆ ಏನು ಹೇಳ್ಬೇಕೋ ನನಗೆ ತಿಳೀತಿಲ್ಲ, ಹೊಟ್ಟೆ ಉರಿಯುತ್ತೆ.

ಅಸಲಿ ಸಿ-ಎ-ಟಿ ಅಂದ್ರೆ ಕಾಂಬ್ಯಾಟ್ ಅಪ್ಲಿಕೇಶನ್ ಟೂರ್ನಿಕೆಟ್, ನಾರ್ತ್ ಅಮೆರಿಕನ್ ರೆಸ್ಕ್ಯೂ ಅನ್ನೋ ಕಂಪನಿದು, ಏಳನೇ ತಲೆಮಾರಿನದು ತಗೊಳಿ. ಮೂವತ್ತು ಡಾಲರ್ ಆಸುಪಾಸು ಬೀಳುತ್ತೆ. ಕಂಪನಿ ಸೈಟಿಂದ ಇಲ್ಲಾಂದ್ರೆ ಅವ್ರು ಒಪ್ಪಿರೋ ಡೀಲರಿಂದ ಮಾತ್ರ ಕೊಳ್ಳಿ, ಐದು ಡಾಲರ್ ಉಳೀತು ಅಂತ ಬೇರೆ ಕಡೆ ಹೋಗ್ಬೇಡಿ. ಕೈಗೆ ಬಂದ ತಕ್ಷಣ ವ್ಯತ್ಯಾಸ ಗೊತ್ತಾಗುತ್ತೆ, ಕಡ್ಡಿ ದಪ್ಪ, ಎಷ್ಟು ತಿರುಗಿಸಿದ್ರೂ ಅಲ್ಲಾಡಲ್ಲ. ಅಭ್ಯಾಸಕ್ಕೆ ಒಂದು ಬೇರೆ ಇಟ್ಕೊಳಿ, ಬ್ಯಾಗಲ್ಲಿರೋದನ್ನ ಸುಮ್ಸುಮ್ನೆ ಬಿಗಿ ಮಾಡಿ ಬಿಚ್ಚಿ ಮಾಡ್ಬೇಡಿ, ಸವೆಯುತ್ತೆ. ಪ್ಲಾಸ್ಟಿಕ್ ಕವರ್ ಅವತ್ತೇ ತೆಗೆದು, ಪಟ್ಟಿನ ದೊಡ್ಡ ಕುಣಿಕೆ ಮಾಡಿ ಮಡಿಚಿಡಿ. ಕೈ ನಡುಗೋವಾಗ ಕವರ್ ಹರಿಯಲ್ಲ, ಸತ್ಯವಾಗ್ಲೂ ಹರಿಯಲ್ಲ. ಜೊತೆಗೆ ಕೊಂಡ ಪೌಚ್ ಅಷ್ಟಕ್ಕಷ್ಟೆ, ಜಿಪ್ಪು ಒಂದೇ ವರ್ಷಕ್ಕೆ ಹೋಯ್ತು.

ಮೊದಲಲ್ಲಿ ಹೇಳಿದ ಆ 2022ರ ಸಂಜೆ ಬಗ್ಗೆ ಜಾಸ್ತಿ ಬರಿಯಲ್ಲ. ಜುಲೈ, ಇನ್ನೂ ಪೂರ್ತಿ ಕತ್ತಲಾಗಿರ್ಲಿಲ್ಲ, ನಾನು ಅನ್ನಕ್ಕೆ ಇಟ್ಟಿದ್ದೆ. ಶಬ್ದ ಬಂತು, ನಾನು ಆರಕ್ಕೆ ಎಣಿಸೋದು ನಿಲ್ಸಿದೆ. ಅವತ್ತೇ ಮೊದಲು ಹಾಗೆ ನಿಲ್ಸಿದ್ದು. ಮಗಳನ್ನ ಬಾತ್‌ರೂಮಿಗೆ ಕಳಿಸಿ, ಶಬ್ದ ನಿಂತು ಕಾರು ಹೋದ ಮೇಲೆ ಬ್ಯಾಗ್ ತಗೊಂಡು ಬಾಗಿಲಿಗೆ ಬಂದ್ರೆ ಪಕ್ಕದ್ಮನೆಯವ್ರು ಆಗ್ಲೇ ಮೆಟ್ಲಿಳಿದು ಓಡ್ತಿದ್ರು, ಎಪ್ಪತ್ತು ವರ್ಷದವ್ರು, ಚಪ್ಪಲಿ ಇಲ್ದೆ. ಹುಡುಗ ಮೂಲೆ ಅಂಗಡಿ ಮುಂದೆ ಬಿದ್ದಿದ್ದ, ಹದಿನಾರೋ ಹದಿನೇಳೋ ಇರ್ಬೇಕು. ಅವ್ರು ಅವನ ತೊಡೆ ಮೇಲೆ ತಮ್ಮ ಮಂಡಿ ಊರಿ ಒತ್ತಿ ಹಿಡಿದ್ರು, ಕೈ ಚಾಚಿದ್ರು, ನಾನು ಟೂರ್ನಿಕೆಟ್ ಕೊಟ್ಟೆ. ಅವ್ರು ಕಟ್ಟಿದ್ರು, ನಾನು ಫೋನ್ ಲೈಟ್ ಹಿಡಿದೆ, ಇನ್ನೊಬ್ರು 911ಗೆ ಮಾತಾಡ್ತಿದ್ರು. ಹುಡುಗ ಕಿರುಚಿದ. ಅವ್ರು ಬೇಬಿ ಗೊತ್ತು ನೋವು ಗೊತ್ತು ಅಂತ ಹೇಳ್ತಾ ಹೇಳ್ತಾ ಇನ್ನೊಂದು ಸುತ್ತು ತಿರುಗಿಸಿದ್ರು. ರಕ್ತ ನಿಂತಿದ್ದು ನಾನು ಕಣ್ಣಾರೆ ನೋಡ್ದೆ. ನಲ್ಲಿ ತಿರುಗಿಸಿದಾಗ ನೀರು ನಿಲ್ಲುತ್ತಲ್ಲ ಹಂಗೆ.

ಪೊಲೀಸ್ ಕಾರು ಬಂದು ಅವನನ್ನ ಹಿಂದಿನ ಸೀಟಿಗೆ ಎತ್ತಿ ಹಾಕ್ಕೊಂಡು ಹೋಯ್ತು, ಆಂಬುಲೆನ್ಸಿಗೆ ಕಾಯ್ಲಿಲ್ಲ. ಬೇರೆ ಊರಿಂದ ಬಂದವ್ರಿಗೆ ಇದು ವಿಚಿತ್ರ ಅನ್ಸುತ್ತೆ, ಫಿಲಡೆಲ್ಫಿಯಾದಲ್ಲಿ ಇದು ದಶಕಗಳಿಂದ ಇರೋ ಪದ್ಧತಿ, ಸ್ಕೂಪ್ ಅಂಡ್ ರನ್ ಅಂತಾರೆ. ಗುಂಡೇಟು ಬಿದ್ದವ್ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೊಲೀಸ್ ಕಾರಲ್ಲೇ ಆಸ್ಪತ್ರೆ ಮುಟ್ಟಿದ್ದಾರೆ. ನಮ್ಮ ಕಡೆಗೆ 39ನೇ ಬೀದಿಲಿರೋ ಪೆನ್ ಪ್ರೆಸ್ಬಿಟೇರಿಯನ್ ಟ್ರಾಮಾ ಸೆಂಟರ್. ಹುಡುಗ ಏನಾದ ಅಂತ ನಮಗೆ ಯಾರೂ ಹೇಳ್ಲಿಲ್ಲ, ಹೇಳೋ ನಿಯಮನೂ ಇಲ್ಲ. ಪಕ್ಕದ್ಮನೆಯವ್ರು ಒಂದು ತಿಂಗಳು ದಿನಾ ಪೇಪರ್ ನೋಡಿದ್ರು, ಸತ್ತವ್ರ ಸುದ್ದಿಲಿ ಅವನ ವಯಸ್ಸಿನವ್ರು ಯಾರೂ ನಮ್ಮ ಮೂಲೆದು ಅಂತ ಬರ್ಲಿಲ್ಲ. ಬದುಕಿದಾನೆ ಅಂತ ನಾವಿಬ್ರೂ ನಂಬಿದೀವಿ.

911 ಬಗ್ಗೆ ಒಂದು ಮಾತು, ಇದು ಕ್ಲಾಸಲ್ಲಿ ಹೇಳದೆ ಇರೋದು, ನಮ್ಮ ಬಡಾವಣೆ ರಕ್ತ ಕೊಟ್ಟು ಕಲಿತಿದ್ದು. 2023ರ ಜುಲೈ 3ರಂದು ನಮ್ಮ ಪಕ್ಕದ ಕಿಂಗ್‌ಸೆಸಿಂಗಲ್ಲಿ ಒಬ್ಬ ಬುಲೆಟ್‌ಪ್ರೂಫ್ ಜಾಕೆಟ್ ಹಾಕ್ಕೊಂಡು ಬೀದಿ ಬೀದಿ ನಡೀತಾ ಗುಂಡು ಹಾರಿಸಿದ, ಐದು ಜನ ಹೋದ್ರು. ಅವರಲ್ಲಿ ಒಬ್ರು ಅವತ್ತಲ್ಲ, ಹೆಚ್ಚು ಕಮ್ಮಿ ಎರಡು ದಿನ ಮೊದಲೇ ತಮ್ಮ ಮನೇಲೇ ಸತ್ತಿದ್ರು ಅಂತ ಆಮೇಲೆ ತಿಳೀತು. ಆಗ ಶಬ್ದ ಕೇಳಿ ಫೋನ್ ಹೋಗಿತ್ತು, ಆದ್ರೆ ಪೊಲೀಸರನ್ನ ಕಳಿಸಿದ್ದು ನಾರ್ತ್ 56ನೇ ಬೀದಿಗೆ, ಆಗಿದ್ದು ಸೌತ್ 56ನೇ ಬೀದಿಲಿ. ಅದನ್ನ ಓದಿದ ದಿನ ನಾನು ಊಟ ಮಾಡ್ಲಿಲ್ಲ. ಇಲ್ಲಿ ಬೀದಿ ನಂಬರ್‌ಗಳೆಲ್ಲ ಮಾರ್ಕೆಟ್ ಸ್ಟ್ರೀಟಿಂದ ಎರಡಾಗಿ ಒಡೆಯುತ್ತೆ, ಹಾಗಾಗಿ ಫೋನಲ್ಲಿ ಸೌತ್ ಅಂತ ಮೊದಲು ಹೇಳಿ, ಆಮೇಲೆ ನಂಬರ್, ಆಮೇಲೆ ಅಡ್ಡರಸ್ತೆ ಹೆಸರು, ಅವ್ರು ತಿರುಗಿ ಹೇಳೋವರೆಗೂ ಬಿಡ್ಬೇಡಿ. ನನ್ನ ಮಗಳಿಗೆ ಮನೆ ವಿಳಾಸ ಹೀಗೇ ಬಾಯಿಪಾಠ ಮಾಡಿಸಿದೀನಿ.

ಕೆಲವ್ರು ಕೇಳ್ತಾರೆ, ಇದೆಲ್ಲ ಗಾಯಕ್ಕೆ ಬಟ್ಟೆ ಕಟ್ಟೋದಷ್ಟೇ ಅಲ್ವಾ, ಬಂದೂಕು ಬರೋದನ್ನ ನಿಲ್ಸೋದು ಯಾವಾಗ ಅಂತ. ಸರಿಯಾದ ಪ್ರಶ್ನೆನೇ. ಫಿಲಡೆಲ್ಫಿಯಾಗೆ ತನ್ನದೇ ಬಂದೂಕಿನ ಕಾನೂನು ಮಾಡೋ ಅಧಿಕಾರ ಇಲ್ಲ, ಪೆನ್ಸಿಲ್ವೇನಿಯಾ ರಾಜ್ಯದ ಕಾನೂನು ಅದಕ್ಕೆ ಬಿಡಲ್ಲ, ನಗರ ಕೋರ್ಟಿಗೆ ಹೋಯ್ತು, 2024ರ ನವೆಂಬರಲ್ಲಿ ರಾಜ್ಯದ ಸುಪ್ರೀಂ ಕೋರ್ಟಲ್ಲೂ ಸೋತಿತು. ನನಗೆ ಇದ್ರ ಮೇಲೆ ತುಂಬಾ ಸಿಟ್ಟಿದೆ. ನಮ್ಮೂರಲ್ಲಿ ಕೋವಿ ಯಾರ ಮನೇದು, ಯಾರ ಕೈಲಿದೆ ಅಂತ ಇಡೀ ಊರಿಗೆ ಗೊತ್ತಿರೋದು, ಇಲ್ಲಿ ಭಾಗಗಳನ್ನ ತರಿಸಿ ಮನೇಲೇ ಜೋಡಿಸಿದ ನಂಬರೇ ಇಲ್ದಿರೋ ಬಂದೂಕು ಯಾರ ಜೇಬಲ್ಲಿದೆ ಅಂತ ದೇವ್ರಿಗೇ ಗೊತ್ತು. ಕೈಗೆಟುಕೋ ಕೆಲಸನೂ ಇದೆ. ಇದೇ ಊರಲ್ಲಿ 541 ಖಾಲಿ ಸೈಟುಗಳ ಮೇಲೆ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ್ರು, ಕಸ ತೆಗೆದು ಹುಲ್ಲು ಹಾಕಿ ಸಣ್ಣ ಬೇಲಿ ಕಟ್ಟಿದ ಕಡೆ, ಬಡ ಬಡಾವಣೆಗಳಲ್ಲಿ, ಗುಂಡಿನ ಹಿಂಸೆ 29% ಇಳೀತು ಅಂತ. ನಮ್ಮ ಬೀದಿ ಕೊನೇಲಿರೋ ಸೈಟನ್ನ ನಾವು ಹನ್ನೆರಡು ಮನೆಯವ್ರು ಸೇರಿ ಸ್ವಚ್ಛ ಮಾಡಿದ್ವಿ, ಅಲ್ಲಿ ಈಗ ನಮ್ಮ ಪಕ್ಕದ್ಮನೆಯವ್ರ ಕಾಲರ್ಡ್ ಸೊಪ್ಪು ಇದೆ, ನನ್ನ ಹರಿವೆ ಇದೆ.

2024ರಲ್ಲಿ ಕೊಲೆಗಳ ಲೆಕ್ಕ 269ಕ್ಕೆ ಇಳೀತು. 2021ರ ಲೆಕ್ಕದ ಅರ್ಧಕ್ಕಿಂತ ಕಮ್ಮಿ. ನಂಬಕ್ಕಾಗದಷ್ಟು ಸಂತೋಷ ಆಯ್ತು, ನಿಜ. ಆದ್ರೆ ಕಿವಿ ಇನ್ನೂ ಇಳಿದಿಲ್ಲ, ಟ್ರಕ್ಕಿನ ಬಾಗಿಲು ಬಡಿದ್ರೂ ಎಣಿಸಕ್ಕೆ ಶುರು ಮಾಡುತ್ತೆ.

ಊರಲ್ಲಿರೋರಿಗೂ ಒಂದು ಮಾತು. ನನ್ನ ತಮ್ಮನಿಗೆ ವಿಡಿಯೋ ಕಾಲಲ್ಲಿ ಇದನ್ನ ಕಲಿಸಿದೀನಿ, ತೋಟದಲ್ಲಿ ಮರ ಕಪಾತು ಮಾಡುವಾಗ ಚೈನ್ ಸಾ ಜಾರೋದು, ರಸ್ತೆಲಿ ಬೈಕು ಬೀಳೋದು, ಎಲ್ಲಾ ಒಂದೇ ರಕ್ತ. 108ಗೆ ಫೋನ್ ಮಾಡಿ, ಆಂಬುಲೆನ್ಸ್ ಘಟ್ಟದ ರಸ್ತೆ ಹತ್ತಿ ಬರೋವರೆಗೆ ಸ್ವಚ್ಛ ಬಟ್ಟೆ ಇಟ್ಟು ಮೈಭಾರ ಹಾಕಿ ಒತ್ತಿ ಹಿಡಿಯಕ್ಕೆ ಯಾವ ಸಾಮಾನೂ ಬೇಡ.

ರೇಟಿಂಗ್ ಕೇಳಿದ್ರೆ, ಕ್ಲಾಸಿಗೆ ಐದಕ್ಕೆ ನಾಲ್ಕು, ಒಂದು ಕಳೆದಿದ್ದು ಮೇಲೆ ಹೇಳಿದ ಕಾರಣಕ್ಕೆ. ಅಸಲಿ ಟೂರ್ನಿಕೆಟ್‌ಗೆ ಐದಕ್ಕೆ ಐದು. ಪೌಚಿಗೆ ಎರಡು. ನಕಲಿ ಮಾಲಿಗೆ ಸೊನ್ನೆ ಕೊಡಕ್ಕೂ ಮನಸ್ಸಿಲ್ಲ. ಆ ಫೋನ್ ಮಾಡಿದ ಹುಡುಗಿಗೆ ಕೊನೆಗೆ ನಾನು ಹೇಳಿದ್ದು ಇಷ್ಟೇ, ಮನೆ ತಗೋ, ಪಕ್ಕದ ಮನೆಯವ್ರ ಹೆಸರು ಮೊದಲ ವಾರದಲ್ಲೇ ತಿಳ್ಕೋ, ಮುಂದಿನ ಕ್ಲಾಸಿಗೆ ನಾನು ಕರ್ಕೊಂಡು ಹೋಗ್ತೀನಿ ಅಂತ. ಆಸ್ಪತ್ರೆಗಳು ಮೇ ತಿಂಗಳಲ್ಲಿ ಹೆಚ್ಚಾಗಿ ನಡೆಸ್ತಾರೆ, ಆದ್ರೆ ವರ್ಷ ಪೂರ್ತಿ ಸಿಗುತ್ತೆ, ವಿಚಾರಿಸಿ.

ಮತ್ತೆ ಒಂದು ಪರ್ಮನೆಂಟ್ ಮಾರ್ಕರ್ ಜೊತೇಲೇ ಇಟ್ಕೊಳಿ, ಕಿಟ್ಟಲ್ಲಿ ಬರುತ್ತೆ ಅಂತ ನಂಬ್ಕೊಂಡಿರ್ಬೇಡಿ. ಅವತ್ತು ನಮ್ಮಿಬ್ರ ಹತ್ರನೂ ಪೆನ್ನಿರ್ಲಿಲ್ಲ, ನನ್ನ ಬ್ಯಾಗಲ್ಲಿ ಸಿಕ್ಕ ಕಾಡಿಗೆ ಪೆನ್ಸಿಲಲ್ಲಿ ಆ ಬಿಳಿ ಪಟ್ಟಿ ಮೇಲೆ 8:47 ಅಂತ ಬರೆದೆ, ಬೆವರಿಗೆ ಅಳಿಸುತ್ತೇನೋ ಅಂತ ಅವನ ಹಣೆ ಮೇಲೂ ಬರೆದೆ. ಈಗ ಮಾರ್ಕರನ್ನ ಟೂರ್ನಿಕೆಟ್‌ಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದೀನಿ.